ಥಾರ್ ರಾಕ್ ಸ್ಲೈಡರ್: ಬೋಲ್ಟ್ ಮೂರು ಸಲ ಸಡಿಲ ಆಯ್ತು, ವೆಲ್ಡ್ ಹೊಡೆಸಿಬಿಡುವುದಾ?

ಹೆಬ್ರಿ_ಥಾರ್

ಎಲ್ಲರಿಗೂ ನಮಸ್ಕಾರ. 2021ರ ಥಾರ್, ಡೀಸೆಲ್. ಮನೆ ಮಣಿಪಾಲದಲ್ಲಿ, ಅಡಿಕೆ ತೋಟ ಹೆಬ್ರಿಯಿಂದ ಆಚೆ. ಡಾಂಬರು ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣು ರಸ್ತೆ. ನಡುವೆ ಒಂದು ತೋಡು, ಅದರ ಆಚೆ ದಡದಲ್ಲಿ ಪಾದೆಕಲ್ಲಿನ ಎರಡು ಮೆಟ್ಟಿಲು. ಮಳೆಗಾಲದಲ್ಲಿ ಅಲ್ಲಿ ಒಮ್ಮೆಯಾದರೂ ಹೊಟ್ಟೆ ತಾಗದೆ ಹತ್ತಿದ್ದು ನೆನಪಿಲ್ಲ.

ಅದಕ್ಕೇ ಕಳೆದ ವರ್ಷ ಬೋಲ್ಟ್ ಹಾಕುವ ರಾಕ್ ಸ್ಲೈಡರ್ ತೆಗೆದುಕೊಂಡೆ, ಅಂದರೆ ಕಲ್ಲಿನ ಪೆಟ್ಟು ಬಾಡಿಗೆ ತಾಗದ ಹಾಗೆ ಬಾಗಿಲ ಕೆಳಗೆ ಉದ್ದಕ್ಕೆ ಚಾಸಿಗೆ ಹಿಡಿಸುವ ಕಬ್ಬಿಣದ ಪೈಪು. ಅಂಗಡಿಯಲ್ಲಿ ಒಂದು ಗಂಟೆಯಲ್ಲಿ ಕೂರಿಸಿ ಕೊಟ್ಟರು. ಜೂನ್‌ನಿಂದ ಎಡಗಡೆ ಟಕ್ ಟಕ್ ಶುರು. ಮೂರು ಸಲ ಬಿಗಿ ಮಾಡಿಸಿದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಹೋದ ವಾರ ಮೆಟ್ಟಿಲಿನ ಅಂಚು ಬಡಿದು ಸ್ಲೈಡರ್ ಒಂದು ಬೆರಳಿನಷ್ಟು ಹಿಂದಕ್ಕೆ ಜರುಗಿದೆ. ಜರುಗಿದ ಜಾಗದಲ್ಲಿ ಚಾಸಿಯ ಪೇಂಟ್ ಕಿತ್ತು ಆಗಲೇ ಕೆಂಪು ಬಂದಿದೆ.

ನಮ್ಮ ಊರಿನ ಗ್ರಿಲ್ ಕೆಲಸದವರು "ಬೋಲ್ಟ್ ಎಂತಕ್ಕೆ ಅಣ್ಣ, ನಾಲ್ಕು ಕಡೆ ವೆಲ್ಡ್ ಹೊಡೆದು ಬಿಡುವ, ಜನ್ಮದಲ್ಲಿ ಅಲ್ಲಾಡುವುದಿಲ್ಲ" ಅನ್ನುತ್ತಾರೆ. ಮಾಡಿಸಲಾ?

ಹಳೇ_ಜಿಪ್ಸಿ

ಮಾಡಿಸಿ. ಇದರಲ್ಲಿ ಯೋಚನೆ ಮಾಡಲಿಕ್ಕೆ ಎಂತ ಉಂಟು? ನನ್ನ ಜಿಪ್ಸಿಗೆ ವೆಲ್ಡ್ ಹೊಡೆಸಿ ಒಂಬತ್ತು ವರ್ಷ ಆಯ್ತು. ಗೊಮ್ಮಟ ನಿಂತ ಊರು ನಮ್ಮದು, ಕಾರ್ಕಳದ ಕಲ್ಲು ನಿಮ್ಮ ಮುರಕಲ್ಲಿನ ಹಾಗೆ ತಾಗಿದರೆ ಉದುರುವ ಜಾತಿ ಅಲ್ಲ. ಇಷ್ಟು ವರ್ಷದಲ್ಲಿ ಒಂದು ಪಾನಾ ಹಿಡಿದವನಲ್ಲ ನಾನು. ಬೋಲ್ಟಿನ ಸ್ಲೈಡರ್ ಅಂದರೆ ಪೇಟೆಯಲ್ಲಿ ಫೋಟೋ ತೆಗೆಯಲಿಕ್ಕೆ.

ಬೈಕಂಪಾಡಿ_ಫ್ಯಾಬ್

ನಿಲ್ಲಿ ಅಣ್ಣ. ರೋಗ ಗೊತ್ತಿಲ್ಲದೆ ಆಪರೇಷನ್ ಬೇಡ.

ಹೆಬ್ರಿಯವರೇ, ನಾಲ್ಕು ವಿಷಯ ನೋಡಿ ಹೇಳಿ. ಬೋಲ್ಟಿನ ತಲೆಯ ಮೇಲೆ ಎಂತ ಬರೆದಿದೆ? ಬೋಲ್ಟ್ ಚಾಸಿಯನ್ನು ತೂತು ಮಾಡಿ ಹೋಗಿದೆಯಾ, ಅಥವಾ ಚಾಸಿಯ ಮೇಲೆ ಕೆಳಗೆ ಹಾದು ಎರಡು ಪ್ಲೇಟನ್ನು ಹಿಡಿದಿದೆಯಾ? ಒಳಗಡೆಯ ಪ್ಲೇಟ್ ಎಷ್ಟು ದಪ್ಪ? ಪ್ಲೇಟ್ ಚಾಸಿಗೆ ಕೂರುವ ಮುಖದ ಮೇಲೆ ಪೌಡರ್ ಕೋಟಿಂಗ್ ಉಂಟಾ?

ಹೆಬ್ರಿ_ಥಾರ್

ಇವತ್ತು ಭಾನುವಾರ, ಗೋಣಿ ಹಾಸಿ ಅಡಿಗೆ ಮಲಗಿ ನೋಡಿದೆ. ತಲೆಯ ಮೇಲೆ ಎ2-70 ಅಂತ ಉಂಟು, ಎಂ12 ಬೋಲ್ಟು, ಹೊಳೆಯುತ್ತದೆ. ಚಾಸಿಗೆ ತೂತು ಹಾಕಿಲ್ಲ, ಎರಡು ಪ್ಲೇಟಿನ ನಡುವೆ ಚಾಸಿ ಸಿಕ್ಕಿಸಿದ ಹಾಗೆ ಇದೆ. ಒಳಗಿನ ಪ್ಲೇಟ್ 3 ಮಿ.ಮೀ., ನಡುವೆ ಬಾಳೆಕಾಯಿಯ ಹಾಗೆ ಬಾಗಿದೆ. ಕಪ್ಪು ಪೌಡರ್ ಕೋಟಿಂಗ್ ಎಲ್ಲ ಕಡೆ ದಪ್ಪಕ್ಕೆ ಉಂಟು. ಬೋಲ್ಟಿನ ಸುತ್ತ ಅದು ಹಿಂಡಿ ಹೊರಗೆ ಬಂದು ಉಂಗುರದ ಹಾಗೆ ಒಡೆದಿದೆ, ಉಗುರಿನಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಏಳುತ್ತದೆ.

ಬೈಕಂಪಾಡಿ_ಫ್ಯಾಬ್

ಆ ಹಪ್ಪಳದಲ್ಲೇ ಕತೆ ಇರುವುದು.

ಬೋಲ್ಟ್ ಅಂದರೆ ಗೂಟ ಅಲ್ಲ, ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಉದ್ದ ಆಗುತ್ತದೆ, ವಾಪಸ್ ಚಿಕ್ಕದಾಗಲು ನೋಡುತ್ತದೆ, ಆ ಎಳೆತದಲ್ಲಿ ಎರಡು ಪ್ಲೇಟು ಚಾಸಿಯನ್ನು ಹಿಡಿದುಕೊಳ್ಳುತ್ತವೆ. ನಡುವೆ ಪೌಡರ್ ಕೋಟಿಂಗ್ ಇದ್ದರೆ ಅದು ಪ್ಲಾಸ್ಟಿಕ್ಕಿನ ಪದರ. ಒತ್ತಡಕ್ಕೆ ಮೆಲ್ಲಗೆ ಹಿಂಡಿ ತೆಳ್ಳಗಾಗುತ್ತದೆ, ಅಷ್ಟಕ್ಕೇ ಎಳೆತ ಹೋಯಿತು. ಇದಕ್ಕೆ ನಟ್ಟು ತಿರುಗಲೇಬೇಕು ಅಂತ ಇಲ್ಲ. ಅದಕ್ಕೇ ಲಾಕ್ ನಟ್ ಹಾಕಿದರೂ ಸ್ಪ್ರಿಂಗ್ ವಾಷರ್ ಹಾಕಿದರೂ ಪ್ರಯೋಜನ ಇಲ್ಲ. ನೀವು ಪ್ರತಿ ಸಲ ಬಿಗಿ ಮಾಡಿದಾಗ ಉಳಿದ ಕೋಟಿಂಗ್ ಮತ್ತೆ ಹಿಂಡಿದೆ. 3 ಮಿ.ಮೀ. ಪ್ಲೇಟ್ ಬಾಗಿದ್ದೂ ಅದೇ ಲೆಕ್ಕಕ್ಕೆ ಸೇರಿಸಿ.

ಎರಡನೆಯದು ಆ ಹೊಳೆಯುವ ಬೋಲ್ಟು. ನಮ್ಮ ಕರಾವಳಿಯಲ್ಲಿ ಎಲ್ಲರೂ ಮಾಡುವ ತಪ್ಪು, ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕುವುದು. ಎ2-70 ಅಂದರೆ ಸುಮಾರು 450 ಮೆಗಾಪಾಸ್ಕಲ್ ಎಳೆತಕ್ಕೆ ಹಿಗ್ಗಿ ಹಾಗೆಯೇ ಉಳಿದುಬಿಡುತ್ತದೆ, ತಲೆಯ ಮೇಲೆ 8.8 ಅಂತ ಇರುವ ಗಟ್ಟಿ ಕಬ್ಬಿಣದ ಬೋಲ್ಟು 640ರ ತನಕ ತಡೆಯುತ್ತದೆ. ಅದೂ ಅಲ್ಲದೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಉಜ್ಜಿ ಹಿಡಿದುಕೊಳ್ಳುತ್ತದೆ. ಕೈಗೆ ಗಟ್ಟಿ ಅನಿಸುತ್ತದೆ, ಆದರೆ ನಿಮ್ಮ ಶಕ್ತಿ ಹೋದದ್ದು ಥ್ರೆಡ್ಡಿಗೆ, ಪ್ಲೇಟಿಗೆ ಅಲ್ಲ. ಇಂಪ್ಯಾಕ್ಟ್ ಗನ್ನಲ್ಲಿ ಟರ್ರ್ ಅನ್ನಿಸಿ ಕಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹಿಂದಕ್ಕೆ ಜರುಗಿದ್ದು ಯಾಕೆಂದರೆ ಇಡೀ ಸ್ಲೈಡರ್ ಬರೀ ಉಜ್ಜುವಿಕೆಯ ಮೇಲೆ ನಿಂತಿದೆ. ಸುಮಾರು ಒಂದೂ ಮುಕ್ಕಾಲು ಟನ್ನಿನ ಗಾಡಿ ಕಲ್ಲಿಗೆ ಬಡಿದಾಗ ಉಜ್ಜುವಿಕೆ ಸಾಕಾಗುವುದಿಲ್ಲ, ಅಡ್ಡಕ್ಕೆ ಒಂದು ತಡೆ ಬೇಕು.

ವೆಲ್ಡ್ ವಿಷಯಕ್ಕೆ ಬರುವ. ನಾನು ಹೊಟ್ಟೆ ಹೊರೆಯುವುದೇ ವೆಲ್ಡಿಂಗಿನಲ್ಲಿ, ಆದರೂ ನಿಮಗೆ ಬೇಡ ಅನ್ನುತ್ತೇನೆ. ವೆಲ್ಡ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಾಸಿ ಪೆಟ್ಟಿಗೆಯ ಹಾಗೆ ಒಳಗೆ ಟೊಳ್ಳು. ಹೊರಗೆ ರಾಡ್ ಹಚ್ಚಿದಾಗ ಒಳಗೋಡೆಯ ಪೇಂಟು ಸುಟ್ಟು ಹೋಗುತ್ತದೆ, ಹೊರಗಿನದಕ್ಕೆ ಮತ್ತೆ ಪ್ರೈಮರ್ ಬಳಿಯಬಹುದು, ಒಳಗಿನದಕ್ಕೆ ಕೈ ಹೋಗುವುದಿಲ್ಲ. ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ, ತೋಡಿನ ನೀರು. ತುಕ್ಕು ಒಳಗಿಂದ ತಿನ್ನುತ್ತದೆ, ಹೊರಗೆ ಪೇಂಟ್ ನಗುತ್ತಾ ಇರುತ್ತದೆ.

ಇನ್ನು ಗ್ರಿಲ್ಲಿನವರು. ಬೇಜಾರು ಮಾಡಬೇಡಿ, ಕಿಟಕಿ ಗ್ರಿಲ್ಲಿಗೆ 6013 ನಂಬರಿನ ವೆಲ್ಡಿಂಗ್ ರಾಡ್ ಸಾಕು. ಚಾಸಿಗೆ 7018 ಬೇಕು, ಅದೂ ಒಲೆಯಲ್ಲಿ ಒಣಗಿಸಿದ್ದು. ಆಟಿ ತಿಂಗಳಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ ರಾಡ್ ತೇವ ಹೀರಿರುತ್ತದೆ, ಆ ವೆಲ್ಡಿನಲ್ಲಿ ಆಮೇಲೆ ಬಿರುಕು ಬರಬಹುದು. ಚಾಸಿಯ ಅಡ್ಡಕ್ಕೆ ಮೇಲಿಂದ ಕೆಳಗೆ ನೇರ ಗೆರೆ ಎಳೆದರಂತೂ ಬಿರುಕಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಹಳೇ_ಜಿಪ್ಸಿ

ಹೆದರಿಸಬೇಡಿ ಮಾರಾಯ್ರೆ. ಒಂಬತ್ತು ವರ್ಷ ಅಂತ ಹೇಳಿದೆನಲ್ಲ.

ಬೈಕಂಪಾಡಿ_ಫ್ಯಾಬ್

ಹೆದರಿಸುವುದಲ್ಲ ಅಣ್ಣ. ನಿಮ್ಮದು ವಾರವಾರ ಕಲ್ಲು ಹತ್ತುವ ಗಾಡಿ, ನಿಮಗೆ ವೆಲ್ಡ್ ಸರಿಯೇ ಇರಬಹುದು. ಬಾಡಿ ಎತ್ತಿ ಚಾಸಿ ಬರಿದು ಮಾಡಿ ರಿಪೇರಿ ಮಾಡುವಾಗ ಬಂದರೆ ನಾನೇ ವೆಲ್ಡ್ ಮಾಡಿ ಕೊಡುತ್ತೇನೆ, ಒಳಗೆ ಮೇಣ ಹೊಡೆಯಲಿಕ್ಕೂ ಆಗ ದಾರಿ ಇರುತ್ತದೆ. ಒಂದು ಉಪಕಾರ ಮಾಡಿ, ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಪ್ಲೇಟಿನ ಕೆಳಗಿನ ಅಂಚಿನ ಹತ್ತಿರ ಚಾಸಿಯನ್ನು ಕುಟ್ಟುತ್ತಾ ಹೋಗಿ. ಸ್ವರ ಕೇಳಿ.

ಪಣಂಬೂರು_ಮರಳು

ನಡುವೆ ನನ್ನದೊಂದು. ಕಾನೂನು ಯಾರೂ ಹೇಳಲಿಲ್ಲ. ಗಾಡಿಯ ಮೂತಿಗೆ ಹಾಕುವ ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನದ್ದು, 2019ರ ತಿದ್ದುಪಡಿಯ ಮೇಲೆ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಹಾಕಬಹುದು. ಬೋಲ್ಟಿನದ್ದಾದರೆ ಬಿಚ್ಚಿ ತೋರಿಸಬಹುದು, ಚಾಸಿಗೆ ಬೆಂಕಿ ಹಚ್ಚಿದ್ದನ್ನು ಎಂತ ಬಿಚ್ಚುವುದು? ವಾರಂಟಿ, ಇನ್ಶೂರೆನ್ಸ್ ಪ್ರಶ್ನೆಯೂ ಉಂಟು.

ಹಾಗೆಯೇ, ಬಾಗಿಲ ಕೆಳಗಿನ ಫುಟ್‌ಸ್ಟೆಪ್ ಸಾಕಾಗುವುದಿಲ್ಲವಾ?

ಬೈಕಂಪಾಡಿ_ಫ್ಯಾಬ್

ಅದು ಅಜ್ಜಿ ಹತ್ತಲಿಕ್ಕೆ. ಕಲ್ಲಿಗೆ ತಾಗಿದರೆ ಮೇಲಕ್ಕೆ ಮಡಚಿ ಬಾಗಿಲಿಗೇ ಹೊಡೆಯುತ್ತದೆ.

ಹೆಬ್ರಿಯವರಿಗೆ ಕೆಲಸ ಹೇಳುತ್ತೇನೆ. ಸ್ಲೈಡರ್ ಬಿಸಾಡಬೇಡಿ, ಪೈಪ್ ಚೆನ್ನಾಗಿದ್ದರೆ ಇಡಿ. ಪೈಪ್ 48 ಮಿ.ಮೀ. ಅಗಲ, 4 ಮಿ.ಮೀ. ದಪ್ಪ ಇದ್ದರೆ ಸಾಕು, ಮೀಟರಿಗೆ ನಾಲ್ಕೂಕಾಲು ಕಿಲೋ ಮೇಲೆ ತೂಗುತ್ತದೆ. ಪ್ಲೇಟ್ ಕೂರುವ ಮುಖದ ಕೋಟಿಂಗ್ ಗ್ರೈಂಡರಿನಲ್ಲಿ ಕಬ್ಬಿಣ ಕಾಣುವಷ್ಟು ತೆಗೆಸಿ, ಸತುವಿನ ಪ್ರೈಮರ್ ತೆಳ್ಳಗೆ ಒಂದೇ ಕೈ. ಚಾಸಿಯ ಕೆಂಪನ್ನೂ ಉಜ್ಜಿ ಹಾಗೆಯೇ ಮಾಡಿ. ಮಲ್ಪೆ ದಕ್ಕೆಯ ಹತ್ತಿರ ಬೋಟಿನ ಪೇಂಟ್ ಮಾರುವವರಲ್ಲಿ ಕೇಳಿ, ಉಪ್ಪುನೀರಿನ ಪೇಂಟಿನ ವಿಷಯದಲ್ಲಿ ಕಾರಿನವರಿಗಿಂತ ಅವರು ಮೇಲು. ಒಳಪ್ಲೇಟ್ 8 ಮಿ.ಮೀ. ಹೊಸದು ಕತ್ತರಿಸಿಸಿ, ಅದರ ಹಿಂದೆ ಬ್ರೇಕ್ ಪೈಪ್, ವೈರಿಂಗ್ ಸಿಕ್ಕಿಕೊಳ್ಳದ ಹಾಗೆ ಬೆರಳು ಹಾಕಿ ನೋಡಿ. ಬೋಲ್ಟ್ 8.8, ಒಣ ಥ್ರೆಡ್ಡಿಗೆ 80 ನ್ಯೂಟನ್ ಮೀಟರ್ ಹತ್ತಿರ, ಟಾರ್ಕ್ ರೆಂಚಿನಲ್ಲಿ. ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟ್ ತುಂಬಾ ಎಳೆಯುತ್ತದೆ, ಮರೆಯಬೇಡಿ. ಚಾಸಿಯಲ್ಲಿ ಕಂಪೆನಿಯದೇ ತೂತು ಸ್ಲೈಡರಿನ ಕಾಲಿನ ಹತ್ತಿರ ಇದ್ದರೆ ಅದಕ್ಕೆ ಒಂದು ಬೋಲ್ಟ್ ಕೊಡಿ, ಅದೇ ತಡೆ. ಹೊಸ ತೂತು ಮೇಲಿನ, ಕೆಳಗಿನ ಮುಖಕ್ಕಂತೂ ಬೇಡವೇ ಬೇಡ, ಭಾರ ಹೊರುವುದೇ ಅವು.

ಬಾಡಿಗೂ ಸ್ಲೈಡರಿಗೂ ನಡುವೆ ಎರಡು ಬೆರಳು ಜಾಗ ಬಿಡಿ. ಬಾಡಿ ಕೂತಿರುವುದು ರಬ್ಬರಿನ ಮೇಲೆ, ಗಾಡಿ ತಿರುಚಿದಾಗ ಅಲ್ಲಾಡುತ್ತದೆ. ಕೊನೆಗೆ ನಟ್ಟಿನಿಂದ ಪ್ಲೇಟಿನ ತನಕ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆಯಿರಿ. ನಟ್ಟು ತಿರುಗಿದರೆ ಗೀಟು ಮುರಿದು ಕಾಣುತ್ತದೆ.

ಹಳೇ_ಜಿಪ್ಸಿ

ಕುಟ್ಟಿ ನೋಡಿದೆ. ಬಲಗಡೆ ಟಣ್ ಟಣ್. ಎಡಗಡೆ ಹಿಂದಿನ ಕಾಲಿನ ಹತ್ತಿರ ಸ್ವರ ಸತ್ತಿದೆ, ಹಳೆ ಮಡಕೆಯ ಹಾಗೆ. ಸ್ಕ್ರೂಡ್ರೈವರ್ ಒತ್ತಿದೆ, ಪ್ಲೇಟಿನ ಅಂಚಿನಿಂದ ಒಂದು ಇಂಚು ಕೆಳಗೆ ಒಳಗೆ ಹೋಯಿತು. ತೆಗೆದಾಗ ಚಾ ಪುಡಿಯ ಹಾಗೆ ತುಕ್ಕು ಉದುರಿತು, ಒಂದು ಮುಷ್ಟಿ ಇರಬಹುದು. ಮೇಲೆ ಪೇಂಟಿಗೆ ಏನೂ ಆಗಿರಲಿಲ್ಲ.

ವೆಲ್ಡ್ ಮಾತ್ರ ಹಾಗೆಯೇ ಉಂಟು, ಅದನ್ನೂ ಬರೆದುಕೊಳ್ಳಿ.

ಬೈಕಂಪಾಡಿ_ಫ್ಯಾಬ್

ಗಾಡಿ ತೋಡಿಗೆ ಇಳಿಸಬೇಡಿ ಅಣ್ಣ. ಮೆಲ್ಲಗೆ ಶೆಡ್ಡಿಗೆ ತನ್ನಿ, ಎಲ್ಲಿಯ ತನಕ ಹೋಗಿದೆ ನೋಡುವ.

ಹೆಬ್ರಿ_ಥಾರ್

ಒಂದು ತಿಂಗಳಾಯ್ತು, ಹೇಳಿ ಹೋಗುವ ಅಂತ ಬಂದೆ. ಹೇಳಿದ ಹಾಗೆಯೇ ಮಾಡಿಸಿದೆ. ಹಿಂದಿನ ಕಾಲಿನ ಹತ್ತಿರ ಕಂಪೆನಿಯ ತೂತು ಸಿಕ್ಕಿತು, ಮುಂದೆ ಸಿಗಲಿಲ್ಲ. ಅಲ್ಲಿ ಒಳಪ್ಲೇಟಿಗೆ ಒಂದು ಮೂಗು ವೆಲ್ಡ್ ಮಾಡಿಸಿ ಚಾಸಿಯ ಬ್ರ್ಯಾಕೆಟ್ಟಿಗೆ ಆನಿಸಿ ನಿಲ್ಲಿಸಿದ್ದಾರೆ. ಜಾಕ್ ಸ್ಲೈಡರಿನ ನಡುವೆ ಇಟ್ಟು ಎತ್ತಿದೆವು, ಎಡಗಡೆಯ ಎರಡೂ ಚಕ್ರ ನೆಲ ಬಿಟ್ಟವು, ಬಾಗಿಲು ಹಾಕಿ ತೆಗೆದು ಸರಾಗ ಬಂತು.

ಆಮೇಲೆ ಮೆಟ್ಟಿಲಿಗೆ ಎರಡು ಸಲ ಚೆನ್ನಾಗಿಯೇ ಬಡಿದಿದೆ. ಬಿಳಿ ಗೀಟು ಇದ್ದಲ್ಲೇ ಉಂಟು. ಟಕ್ ಟಕ್ ಹೋಯಿತು, ಈಗ ಕಿಂಯ್ ಅಂತ ಒಂದು ಸಣ್ಣ ಸ್ವರ ಬರುತ್ತಿತ್ತು, ಹುಡುಕಿದರೆ ಹಿಂದಿನ ಮಡ್‌ಫ್ಲ್ಯಾಪ್ ಸ್ಲೈಡರಿನ ತುದಿಗೆ ತಾಗುತ್ತಿತ್ತು. ಅರ್ಧ ಇಂಚು ಕತ್ತರಿಸಿದೆ.

ಆ ಹೊಳೆಯುವ ಎಂಟು ಬೋಲ್ಟು ತೋಟದ ಗೇಟಿಗೆ ಹಾಕಿದೆ.