ಪದಚರ್ಚೆ: ಸ್ವರಕ್ಷಣೆಯ ‘ಗ್ರಾಪ್ಲಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಕಾಲೇಜು ವಿದ್ಯಾರ್ಥಿನಿಯರ ಸ್ವರಕ್ಷಣಾ ತರಬೇತಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಜೂಡೊ, ಜುಜುತ್ಸುಗಳಲ್ಲಿರುವಂತೆ ಏಟು ಹಾಕದೆ ಎದುರಾಳಿಯನ್ನು ಹಿಡಿದು ತಡೆಯುವ, ಅವನ ಕೈಯಿಂದ ಬಿಡಿಸಿಕೊಳ್ಳುವ ಕೌಶಲವನ್ನು ಮೂಲದಲ್ಲಿ ‘ಗ್ರಾಪ್ಲಿಂಗ್’ ಎಂದಿದ್ದಾರೆ. ‘ಕುಸ್ತಿ’ ಎಂದರೆ ಪಂದ್ಯವೆಂದುಕೊಳ್ಳುತ್ತಾರೆ. ಮೂಲದಲ್ಲಿರುವ ‘ಸ್ಟ್ರೀಟ್ ಫೈಟ್’ಗೆ ‘ಬೀದಿಜಗಳ’ ಎಂದರೆ ಬರಿಯ ಬಾಯಿಜಗಳವೂ ಆದೀತು. ಎರಡಕ್ಕೂ ತಕ್ಕ ಪದಗಳನ್ನು ದಯವಿಟ್ಟು ಸೂಚಿಸಿ.

ಮರುಟಿಪ್ಪಣಿ 1:
‘ಕುಸ್ತಿ’ ಪಾರಸಿಯದು, ಬಿಡಿ. ‘ಮಲ್ಲಯುದ್ಧ’ ಸಂಸ್ಕೃತದ್ದು, ಅದೂ ಬೇಡ. ಹಳಗನ್ನಡದ ‘ತೞ್ಕೆ’ಯಿಂದ ಇಳಿದು ಬಂದ ‘ತೆಕ್ಕೆ’ ನಮ್ಮದೇ ಆಗಿರುವಾಗ ‘ತೆಕ್ಕೆಕಾಳಗ’ ಎನ್ನಲು ಅಡ್ಡಿಯೇನು? ಎರವಲು ಪದಗಳಿಗೆ ಇಷ್ಟು ಬೇಗ ಕೈಚಾಚುವ ಅಭ್ಯಾಸವನ್ನು ಅನುವಾದಕರು ಬಿಡಬೇಕು.

ಮರುಟಿಪ್ಪಣಿ 2:
‘ತೆಕ್ಕೆಕಾಳಗ’ ಖಂಡಿತ ಸಲ್ಲದು. ತೆಕ್ಕೆಗೆ ಬೀಳುವುದು ಒಲಿದವರು; ತನ್ನನ್ನು ಅಡ್ಡಗಟ್ಟಿದವನ ವಿಷಯದಲ್ಲಿ ಹುಡುಗಿಯೊಬ್ಬಳು ಓದಬೇಕಾದ ಪದ ಅದಲ್ಲ. ‘ಕಾಳಗ’ ಎಂದೊಡನೆ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ, ಅಲ್ಲಿ ಎದುರಾಳಿಯ ತಲೆಯಿಂದ ರಕ್ತ ಬಂದರೆ ಗೆಲುವು. ಇನ್ನು ಎರವಲಿನ ಮಾತು: ಆ ಕಾಳಗವಾಡುವ ‘ಜಟ್ಟಿ’ಗಳ ಹೆಸರೇ ‘ಜ್ಯೇಷ್ಠಿ’ಯ ತದ್ಭವ, ಗರಡಿಯಲ್ಲಿ ಕಲಿಸುವವನು ‘ಉಸ್ತಾದ’, ಕಲಿತವನು ‘ಪೈಲ್ವಾನ’. ಗರಡಿಯ ಮಣ್ಣಾದ ಮಟ್ಟಿಯಲ್ಲಿ ಉರುಳಿ ಬೆಳೆದ ಈ ಪದಗಳನ್ನು ಹೊರಗಟ್ಟಿದರೆ ಗರಡಿಮನೆಯಲ್ಲಿ ಮಾತೇ ಉಳಿಯುವುದಿಲ್ಲ.

ಗರಡಿಯಲ್ಲಿ ದಿನವೂ ಕೇಳುವ ಪದ ‘ಪಟ್ಟು’: ಪಟ್ಟು ಹಾಕುತ್ತಾರೆ, ಪಟ್ಟು ಬಿಡಿಸಿಕೊಳ್ಳುತ್ತಾರೆ. ಕೈಪಿಡಿಗೆ ಬೇಕಾದ ಎರಡು ಅರ್ಥಗಳೂ ಅದರಲ್ಲಿರುವುದರಿಂದ ‘ಹಿಡಿಪಟ್ಟು’ ಎಂದು ಬರೆಯಿರಿ, ಮೊದಲ ಸಲ ಬಂದಾಗ ಒಂದು ವಾಕ್ಯದ ವಿವರಣೆ ಕೊಡಿ. ಮುಂಗೈ ಹಿಡಿದವನ ಹೆಬ್ಬೆರಳೂ ಉಳಿದ ಬೆರಳುಗಳೂ ಕೂಡುವ ಸಂದಿನ ಕಡೆಗೆ ಕೈ ತಿರುಗಿಸಿ ಸರಕ್ಕನೆ ಎಳೆದುಕೊಳ್ಳುವುದನ್ನು ‘ಪಟ್ಟು ಬಿಡಿಸಿಕೊಳ್ಳುವುದು’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದೇ ಗುರಿ. ಬೀದಿಯಲ್ಲಿ ನೆಲ ಮೆದುವಲ್ಲ, ಅಡ್ಡಗಟ್ಟಿದವನ ಜೊತೆಗಾರರು ಬರಬಹುದು, ಅವನ ಕೈಯಲ್ಲಿ ಚಾಕು ಇರಬಹುದು. ಆದ್ದರಿಂದ ಬಿಡಿಸಿಕೊಂಡು ಎದ್ದು ಓಡುವುದು ಇಲ್ಲಿಯ ಗುರಿಯೆಂದು ಆ ವಿವರಣೆಯಲ್ಲೇ ಹೇಳಿಬಿಡಿ.

‘ಬೀದಿಜಗಳ’ದ ಬದಲು ‘ಬೀದಿ ಹೊಡೆದಾಟ’ ಸರಿ. ‘ಹೊಡೆದಾಟ’ ಎಂದಲ್ಲಿ ಇಬ್ಬರೂ ಪಾಲುದಾರರು. ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದವರೆಲ್ಲರನ್ನೂ ಭಾರತೀಯ ನ್ಯಾಯ ಸಂಹಿತೆಯ 194ನೆಯ ಕಲಮು ಹಾಗೆಯೇ ನೋಡುತ್ತದೆ. ಆತ್ಮರಕ್ಷಣೆಯ ಹಕ್ಕು 34ನೆಯ ಕಲಮಿನಲ್ಲಿ ಬೇರೆಯಾಗಿಯೇ ಬರುತ್ತದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿ 37ರಲ್ಲಿದೆ. ಹೀಗಾಗಿ ಸ್ವರಕ್ಷಣೆಯ ಅಧ್ಯಾಯದಲ್ಲಿ ವಿದ್ಯಾರ್ಥಿನಿಯ ಕ್ರಿಯೆಗೆ ಎಲ್ಲಿಯೂ ‘ಹೊಡೆದಾಟ’ ಎಂದು ಬಳಸಬೇಡಿ.

ಶೀರ್ಷಿಕೆಯನ್ನು ಹೀಗಿಡಬಹುದು: ‘ಹಿಡಿಪಟ್ಟು: ಬೀದಿ ಹೊಡೆದಾಟಕ್ಕಲ್ಲ, ಬಿಡಿಸಿಕೊಂಡು ಪಾರಾಗಲು’.