ಹೀರೆ ಹೀಚುಗಳು ಹಳದಿಯಾಗಿ ಉದುರುತ್ತಿವೆ, ಕೊತ್ತಂಬರಿ ಆಗಲೇ ಹೂವಿಗೆ ಬಂದಿದೆ: ಏನು ಮಾಡಲಿ?

ತಾರಸಿ ಚಪ್ಪರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮನೆಯ ತಾರಸಿಯಲ್ಲಿ ತರಕಾರಿ, ಸೊಪ್ಪು ಬೆಳೆಯುತ್ತಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಹೀರೆ, ಸೋರೆ, ಸೌತೆ ಬೀಜ ಹಾಕಿದೆ. ಮೂರೂ ಬಳ್ಳಿಗಳು ಚಪ್ಪರದ ತುಂಬ ಹಬ್ಬಿವೆ, ಎಲೆಗಳು ಕಡುಹಸಿರಾಗಿವೆ. ಸೌತೆ ಕಾಯಿ ಕೊಡುತ್ತಿದೆ. ಹೀರೆಯದೇ ತೊಂದರೆ. ಹೆಣ್ಣು ಹೂವಿನ ಹಿಂದಿನ ಹೀಚು ಕಿರುಬೆರಳಿನಷ್ಟು ಉದ್ದವಾಗುತ್ತದೆ, ಹೂ ಬಾಡಿದ ಮೇಲೆ ತುದಿಯಿಂದ ಹಳದಿಯಾಗುತ್ತಾ ಬಂದು ಒಣಗಿ ಬೀಳುತ್ತದೆ. ಸೋರೆಯಲ್ಲೂ ಬಹುಪಾಲು ಹೀಗೆಯೇ ಆಗುತ್ತಿದೆ.

ಹದಿನೈದು ಅಂಗುಲದ ಗ್ರೋ ಬ್ಯಾಗ್‌ಗಳು. ಕೆಮ್ಮಣ್ಣು, ಕೊಕೊಪೀಟ್, ಎರೆಗೊಬ್ಬರ ಸಮಪಾಲು. ದಿನವೂ ಬೆಳಿಗ್ಗೆ ನೀರು ಹಾಕುತ್ತೇನೆ. ವಾರಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಎಲ್ಲರೂ ಹೇಳುವಂತೆ ಬೇವಿನ ಎಣ್ಣೆಯನ್ನು ಸಂಜೆಯೇ ಸಿಂಪಡಿಸುತ್ತೇನೆ. ಜೇನುನೊಣಗಳು ಇಷ್ಟು ಎತ್ತರಕ್ಕೆ ಕಡಿಮೆ ಬರುತ್ತವೆ ಎಂದು ಬೆಳಿಗ್ಗೆ ಎಂಟರ ಹೊತ್ತಿಗೆ ಬ್ರಷ್‌ನಿಂದ ನಾನೇ ಪರಾಗಸ್ಪರ್ಶ ಮಾಡುತ್ತಿದ್ದೇನೆ. ಹಣ್ಣುನೊಣದ ಬಲೆಯನ್ನೂ ಕಟ್ಟಿದ್ದೇನೆ, ಅದರಲ್ಲಿ ನೊಣಗಳು ಚೆನ್ನಾಗಿಯೇ ಬೀಳುತ್ತಿವೆ.

ಇನ್ನೊಂದು ಪ್ರಶ್ನೆ ಕೊತ್ತಂಬರಿಯದು. ಡಿಸೆಂಬರಿನಲ್ಲಿ ಬಿತ್ತಿದ್ದು ಪೊದೆಯಾಗಿ ಬಂದಿತ್ತು. ಶಿವರಾತ್ರಿಯ ಹೊತ್ತಿಗೆ ಬಿತ್ತಿದ್ದು ಗೇಣುದ್ದ ಬೆಳೆಯುವ ಮೊದಲೇ ಕಾಂಡ ಎತ್ತಿ, ಎಲೆ ಸಬ್ಬಸಿಗೆಯಂತೆ ಸಣ್ಣಗಾಗಿ, ಹೂ ಬಿಟ್ಟಿದೆ. ಚಿವುಟಿದರೂ ಮತ್ತೆ ಹೂವೇ ಬರುತ್ತಿದೆ.

ಕಬ್ಬಿನ ಗದ್ದೆ (ಮಂಡ್ಯ)

ಗ್ರೋ ಬ್ಯಾಗಿನಲ್ಲಿ ಸಾರ ಬೇಗ ಇಳಿದುಹೋಗುತ್ತದೆ. ಹೀಚು ಉದುರುವುದು ಪೋಷಕಾಂಶ ಸಾಲದ ಲಕ್ಷಣ. ಒಂದು ಚಿಟಿಕೆ ಯೂರಿಯಾ ಕೊಟ್ಟು ನೋಡಿ, ಜೊತೆಗೆ ಸೂಕ್ಷ್ಮ ಪೋಷಕಾಂಶ ಸಿಂಪಡಿಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವೆಜಿಟೇಬಲ್ ಸ್ಪೆಷಲ್’ ಇಂಥದ್ದಕ್ಕಾಗಿಯೇ ಇದೆ.

ಹಿತ್ತಲ ಬಳ್ಳಿ (ತುಮಕೂರು)

ದಯವಿಟ್ಟು ಯೂರಿಯಾ ಸದ್ಯಕ್ಕೆ ಬೇಡ. ಎಲೆ ಕಡುಹಸಿರು, ಬಳ್ಳಿ ಚಪ್ಪರದ ತುಂಬ ಎಂದರೆ ಸಾರಜನಕ ಬೇಕಾದಷ್ಟಿದೆ. ಇನ್ನೂ ಹಾಕಿದರೆ ಬಳ್ಳಿ ಸೊಕ್ಕುತ್ತದೆ, ಗಂಡು ಹೂ ಹೆಚ್ಚುತ್ತದೆ, ಹೆಣ್ಣು ಹೂ ಕಡಿಮೆಯಾಗುತ್ತದೆ. ಬಿಸಿಲು ಏರುತ್ತಾ ಹಗಲು ಉದ್ದವಾಗುವ ಈ ದಿನಗಳಲ್ಲಿ ಬಳ್ಳಿ ತಾನಾಗಿಯೇ ಗಂಡು ಹೂವಿನ ಕಡೆಗೆ ವಾಲುತ್ತಿರುತ್ತದೆ. ಸೂಕ್ಷ್ಮ ಪೋಷಕಾಂಶದ ಸಿಂಪಡಣೆಯಿಂದ ತೊಂದರೆಯಿಲ್ಲ, ಆದರೆ ಕಾರಣ ಅದಲ್ಲ ಎಂದು ನನಗೆ ಅನಿಸುತ್ತದೆ.

ತಾರಸಿ ಚಪ್ಪರದವರೇ, ಉದುರಿದ ಹೀಚುಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಗೆ ಏನಿದೆ ಎಂದು ಹೇಳಿ. ಮೈಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರ ಬಾಯಲ್ಲಿ ಅಂಟು ಹನಿ ಇದೆಯೇ ಎಂದೂ ನೋಡಿ. ಬಲೆಯೊಳಗಿನ ಆಕರ್ಷಕದ ಪೊಟ್ಟಣದ ಮೇಲೆ ಯಾವ ಹೆಸರಿದೆ? ನಿಮ್ಮದು ಏಣು ಇರುವ ಹೀರೆಯೋ, ನುಣುಪಾದ ತುಪ್ಪದ ಹೀರೆಯೋ?

ತಾರಸಿ ಚಪ್ಪರ (ಮೈಸೂರು)

ಏಣು ಇರುವ ಹೀರೆಯೇ. ಉದುರಿದ್ದನ್ನೆಲ್ಲ ಸೀಳಿ ನೋಡಿದೆ. ಹೆಚ್ಚಿನವುಗಳ ಒಳಗೆ ಹುಳುವಿಲ್ಲ, ಬೀಜ ಕಟ್ಟಿದ ಗುರುತೂ ಇಲ್ಲ, ಬರೀ ಬೆಳ್ಳಗೆ ಬೆಂಡಿನಂತಿದೆ. ಸ್ವಲ್ಪ ದಪ್ಪಗಾಗಿದ್ದ ಕೆಲವು ಸೋರೆ ಹೀಚುಗಳಲ್ಲಿ ಮಾತ್ರ ಬಿಳಿ ಹುಳುಗಳಿದ್ದವು, ಅವುಗಳ ಮೈಮೇಲೆ ನೀವು ಹೇಳಿದ ಅಂಟು ಇತ್ತು. ಬಲೆಯ ಪೊಟ್ಟಣದ ಮೇಲೆ ಮಾವಿನಕಾಯಿಯ ಚಿತ್ರವಿದೆ, ‘ಮೀಥೈಲ್ ಯೂಜಿನಾಲ್’ ಎಂದು ಬರೆದಿದೆ.

ಹಿತ್ತಲ ಬಳ್ಳಿ (ತುಮಕೂರು)

ಹಾಗಾದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ದೊಡ್ಡದನ್ನು ಮೊದಲು ನೋಡೋಣ.

ಒಳಗೆ ಹುಳುವಿಲ್ಲ, ಬೀಜವೂ ಕಟ್ಟಿಲ್ಲ ಎಂದರೆ ಪರಾಗಸ್ಪರ್ಶವೇ ಆಗಿಲ್ಲ. ನೀವು ದಿನವೂ ಬ್ರಷ್ ಹಿಡಿಯುತ್ತಿದ್ದೀರಿ, ಆದರೂ ಆಗಿಲ್ಲ, ಏಕೆಂದರೆ ಏಣು ಹೀರೆಯ ಹೂ ಅರಳುವುದು ಸಂಜೆ. ಐದು ಗಂಟೆಯಿಂದ ಕತ್ತಲಾಗುವವರೆಗಿನ ಹೊತ್ತು ಅದರದು. ಸೋರೆಯ ಬಿಳಿ ಹೂವೂ ಸಂಜೆ ಕಳೆದು ಕತ್ತಲಾಗುವಾಗ ಬಿಚ್ಚಿಕೊಳ್ಳುತ್ತದೆ. ಸೌತೆ, ಹಾಗಲ, ಕುಂಬಳ, ತುಪ್ಪದ ಹೀರೆ ಇವೆಲ್ಲ ಬೆಳಗಿನವು. ನಿಮ್ಮ ಸೌತೆ ಮಾತ್ರ ಕಾಯಿ ಕಚ್ಚಿದ್ದರ ಗುಟ್ಟು ಇದೇ. ಬೆಳಿಗ್ಗೆ ಎಂಟಕ್ಕೆ ನಿಮ್ಮ ಕೈಗೆ ಸಿಗುವ ಹೀರೆ ಹೂ ಹಿಂದಿನ ಸಂಜೆಯದು. ಗಂಡು ಹೂವಿನ ಪರಾಗದ ಹುರುಪು ಆಗಲೇ ಇಳಿದಿರುತ್ತದೆ, ತಾರಸಿಯ ಬಿಸಿಲು ಉಳಿದಿದ್ದನ್ನೂ ಒಣಗಿಸುತ್ತದೆ.

ಸಂಜೆ ಐದೂವರೆ, ಆರರ ಹೊತ್ತಿಗೆ ಚಪ್ಪರದ ಕೆಳಗೆ ನಿಂತು ನೋಡಿ. ಗಂಡು ಹೂಗಳು ಗೊಂಚಲಿನಲ್ಲಿ ಬರುತ್ತವೆ, ಹೆಣ್ಣು ಹೂ ಅದೇ ಎಲೆಯ ಬುಡದಲ್ಲಿ ಒಂಟಿಯಾಗಿ, ಹಿಂದೆ ಪುಟ್ಟ ಹೀರೆಕಾಯಿ ಹೊತ್ತುಕೊಂಡು ಬರುತ್ತದೆ. ಆಗಷ್ಟೇ ಬಿಚ್ಚಿದ ಗಂಡು ಹೂವೊಂದನ್ನು ಕಿತ್ತು, ಒಳಗೆ ಬೆರಳು ಸೋಕಿಸಿ. ಹಳದಿ ಪುಡಿ ಅಂಟಿದರೆ ಅದು ಸಿದ್ಧವಾಗಿದೆ. ಎಸಳುಗಳನ್ನು ಹಿಂದಕ್ಕೆ ಮಡಚಿ ಅಥವಾ ಕಿತ್ತು, ಹೆಣ್ಣು ಹೂವಿನ ನಡುವೆ ಇರುವ ಮೂರು ಹೋಳಿನ ಶಲಾಕಾಗ್ರಕ್ಕೆ ಮೃದುವಾಗಿ ಎಲ್ಲ ಕಡೆ ಸವರಿ. ಒಂದು ಕಡೆ ಮಾತ್ರ ತಗುಲಿದರೆ ಕಾಯಿ ಸೊಟ್ಟಗಾಗುತ್ತದೆ. ಬ್ರಷ್ ಬೇಕಿಲ್ಲ, ಅದರ ಕೂದಲಿನಲ್ಲಿಯೇ ಅರ್ಧ ಪರಾಗ ಉಳಿದುಬಿಡುತ್ತದೆ. ಸೋರೆಗೆ ಇನ್ನೂ ಸ್ವಲ್ಪ ಕತ್ತಲಾಗಲಿ, ಟಾರ್ಚ್ ಹಿಡಿದುಕೊಳ್ಳಿ.

ಇದಕ್ಕೇ ಸೇರಿದ ಇನ್ನೊಂದು ಮಾತಿದೆ. ಬೇವಿನ ಎಣ್ಣೆಯನ್ನು ಸಂಜೆ ಸಿಂಪಡಿಸಿ ಎಂಬ ಸಲಹೆ ಬೆಳಿಗ್ಗೆ ಅರಳುವ ಗಿಡಗಳಿಗೆ ಸರಿ. ಹೀರೆ, ಸೋರೆಗೆ ಸಂಜೆ ಸಿಂಪಡಿಸಿದರೆ ಅರಳುತ್ತಿರುವ ಹೂವೇ ಎಣ್ಣೆಯಲ್ಲಿ ನೆನೆಯುತ್ತದೆ, ಪತಂಗಗಳು ಹತ್ತಿರ ಸುಳಿಯುವುದಿಲ್ಲ. ಈ ಎರಡು ಬಳ್ಳಿಗಳಿಗೆ ಬಿಸಿಲು ಏರುವ ಮೊದಲು, ನಸುಕಿನಲ್ಲಿ, ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆಯನ್ನು ಸೋಪಿನ ನೀರಿನ ಕೆಲವು ಹನಿಗಳೊಡನೆ ಕಲಸಿ, ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕೀಟವೇ ಕಾಣದಿದ್ದರೆ ಹೊಡೆಯುವ ಅಗತ್ಯವೂ ಇಲ್ಲ.

ಇನ್ನು ಬಲೆ. ಮೀಥೈಲ್ ಯೂಜಿನಾಲ್ ಮಾವು, ಸೀಬೆಗೆ ಬರುವ ಹಣ್ಣುನೊಣವನ್ನು ಎಳೆಯುತ್ತದೆ. ಸೋರೆ, ಹೀರೆ, ಹಾಗಲಕ್ಕೆ ಚುಚ್ಚುವ ನೊಣ ಬೇರೆ, ಅದಕ್ಕೆ ‘ಕ್ಯೂ ಲ್ಯೂರ್’ ಎಂಬ ಆಕರ್ಷಕವೇ ಬೇಕು. ನಿಮ್ಮ ಬಲೆಯಲ್ಲಿ ಬಿದ್ದಿರುವುದು ಬಹುಶಃ ಸುತ್ತಲಿನ ಮಾವಿನ ಮರಗಳ ನೊಣಗಳು. ಎರಡೂ ಬಗೆಯ ಬಲೆಗಳಲ್ಲಿ ಬೀಳುವುದು ಗಂಡು ನೊಣಗಳಷ್ಟೇ, ಮೊಟ್ಟೆ ಇಡುವ ಹೆಣ್ಣು ಹೊರಗೇ ಉಳಿಯುತ್ತದೆ. ಆದ್ದರಿಂದ ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ ತೆಳುಬಟ್ಟೆಯ ಚೀಲವನ್ನೋ ಕಾಗದದ ಚೀಲವನ್ನೋ ಸಡಿಲವಾಗಿ ಕಟ್ಟಿ. ಹುಳು ಬಿದ್ದ ಹೀಚುಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಒಳಗಿನ ಹುಳುಗಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ.

ಅಡಿಕೆ ನೆರಳು (ಶಿರಸಿ)

ಹಿತ್ತಲ ಬಳ್ಳಿಯವರ ಮಾತಿಗೆ ನನ್ನದೂ ಒಪ್ಪಿಗೆ. ನಮ್ಮ ಕಡೆ ತೋಟದಂಚಿನ ಹೀರೆಗೆ ಯಾರೂ ಕೈ ಹಾಕುವುದಿಲ್ಲ, ಮುಸ್ಸಂಜೆಯ ಪತಂಗ, ಜೇನುಗಳೇ ನೋಡಿಕೊಳ್ಳುತ್ತವೆ. ಮಹಡಿಯ ಮೇಲೆ ಆ ಸೌಕರ್ಯ ಇಲ್ಲವಲ್ಲ.

ಕೊತ್ತಂಬರಿಗೆ ಉತ್ತರಿಸುತ್ತೇನೆ. ಅದು ತಂಪಿನ ಬೆಳೆ. ಬಿಸಿಲು 30 ಡಿಗ್ರಿ ದಾಟಿ, ಕುಂಡದ ಮಣ್ಣು ಕಾದು, ಒಂದೆರಡು ದಿನ ಬೇರು ಒಣಗಿದರೆ ಸಾಕು, ಬೀಜ ಮಾಡಿ ಬದುಕು ಮುಗಿಸುವ ಆತುರಕ್ಕೆ ಬೀಳುತ್ತದೆ. ಒಮ್ಮೆ ಕಾಂಡ ಎತ್ತಿದ ಮೇಲೆ ಚಿವುಟಿ ತಡೆಯಲಾಗುವುದಿಲ್ಲ. ಈಗಿನದನ್ನು ಕೀಳಬೇಡಿ, ಹೂ ಬಿಡಲಿ. ಆ ಬಿಳಿ ಹೂವಿಗೆ ಜೇನು ಬರುತ್ತದೆ, ಸೌತೆಗೆ ಒಳ್ಳೆಯದು. ಹೂನೊಣಗಳೂ ಬರುತ್ತವೆ, ಅವುಗಳ ಮರಿಗಳು ಸಸ್ಯಹೇನುಗಳನ್ನು ತಿನ್ನುತ್ತವೆ. ಹಸಿ ಕಾಯಿಯನ್ನು ಚಟ್ನಿಗೆ ಅರೆದು ನೋಡಿ, ಎಲೆಗಿಂತ ಘಮಘಮಿಸುತ್ತದೆ.

ಹೊಸದಾಗಿ ಬಿತ್ತುವಾಗ ಅಡುಗೆಮನೆಯ ಧನಿಯಾ ಬಿಡಿ. ಅದು ಅನೇಕ ವೇಳೆ ಕಾಳಿಗಾಗಿ ಬೆಳೆಸುವ ತಳಿಯದಾಗಿರುತ್ತದೆ, ಬೇಗ ಹೂವಿಗೆ ಬರುತ್ತದೆ. ಸೊಪ್ಪಿಗೆಂದೇ ಇರುವ ತಳಿ ಕೇಳಿ. ಹೆಸರಘಟ್ಟದ ‘ಅರ್ಕಾ ಇಶಾ’ ಹಲವು ಸಲ ಕೊಯ್ಯಬಹುದಾದ, ತಡವಾಗಿ ಹೂ ಬಿಡುವ ತಳಿ. ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ನಿಮ್ಮ ಹೀರೆ ಚಪ್ಪರದ ಅಡಿಯೇ ಅದಕ್ಕೆ ಸರಿಯಾದ ಜಾಗ, ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ. ಬೇರು ಆಳಕ್ಕೆ ಇಳಿಯುವ ಗಿಡ, ಕಿತ್ತು ನೆಟ್ಟರೆ ಮುನಿಸಿಕೊಂಡು ಇನ್ನೂ ಬೇಗ ಹೂ ಬಿಡುತ್ತದೆ. ಬಿತ್ತಿದಲ್ಲೇ ಬೆಳೆಯಲಿ. ಎರಡು ವಾರಕ್ಕೊಮ್ಮೆ ಒಂದೊಂದು ಹಿಡಿ ಬಿತ್ತುತ್ತಾ ಹೋಗಿ, ಎಳೆಯದನ್ನೇ ಬುಡಸಹಿತ ಕಿತ್ತು ಬಳಸಿ.

ಆದರೂ ಏಪ್ರಿಲ್‌, ಮೇ ತಿಂಗಳಲ್ಲಿ ಕೊತ್ತಂಬರಿಯ ಜೊತೆ ಹೋರಾಡುವುದಕ್ಕಿಂತ ಬಿಸಿಲನ್ನು ಪ್ರೀತಿಸುವ ಸೊಪ್ಪುಗಳಿಗೆ ಜಾಗ ಕೊಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಸಳೆ, ದಂಟು, ಹರಿವೆ ಈಗ ಹಾಕಿದರೆ ನಿಮ್ಮನ್ನು ಸೋಲಿಸುವಷ್ಟು ಬರುತ್ತವೆ. ಕಾಮಕಸ್ತೂರಿ, ಮಜ್ಜಿಗೆ ಹುಲ್ಲಿಗೂ ಬಿಸಿಲು ಇಷ್ಟ. ಪುದೀನ, ದೊಡ್ಡಪತ್ರೆಯನ್ನು ಅರೆನೆರಳಿಗೆ ಸರಿಸಿ.

ಕಬ್ಬಿನ ಗದ್ದೆ (ಮಂಡ್ಯ)

ಹೂ ಅರಳುವ ಹೊತ್ತಿನ ವಿಚಾರ ಒಪ್ಪುವಂಥದ್ದು. ಆದರೆ ಹದಿನೈದು ಅಂಗುಲದ ಚೀಲ ಸೋರೆಗೆ ಚಿಕ್ಕದು ಎಂಬುದನ್ನು ಯಾರೂ ಹೇಳಲಿಲ್ಲ. ಮಧ್ಯಾಹ್ನ ಎಲೆ ಜೋತುಬೀಳುತ್ತಿದ್ದರೆ ಪರಾಗ ಮುಟ್ಟಿಸಿದ ಹೀಚೂ ನಿಲ್ಲುವುದಿಲ್ಲ. ಬುಡಕ್ಕೆ ತೆಂಗಿನ ನಾರೋ ತರಗೆಲೆಯೋ ಎರಡು ಅಂಗುಲ ಮುಚ್ಚಿ, ಚೀಲವನ್ನು ಕಾದ ತಾರಸಿಯ ಮೇಲೆ ನೇರವಾಗಿ ಇಡದೆ ಇಟ್ಟಿಗೆಯ ಮೇಲೆ ಎತ್ತಿಡಿ, ಸಂಜೆಯೂ ನೀರು ಕೊಡಿ.

ಹಿತ್ತಲ ಬಳ್ಳಿ (ತುಮಕೂರು)

ಇದು ಬಹಳ ಸರಿಯಾದ ಮಾತು, ನಾನು ಸೇರಿಸಬೇಕಿತ್ತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ನೀರು ಸಾಲದೆ, ಬಿಸಿಲಿಗೆ ಬಳಲಿದ ಬಳ್ಳಿಯ ಕಾಯಿ ಕೆಲವೊಮ್ಮೆ ಕಹಿಯಾಗುತ್ತದೆ. ಹೀರೆ, ಸೋರೆ ಹೆಚ್ಚುವ ಮೊದಲು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆಯ ರಸ ಕುಡಿದು ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ಆಗಿವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ತಾರಸಿ ಚಪ್ಪರ (ಮೈಸೂರು)

ಎಲ್ಲರಿಗೂ ಕೈಮುಗಿದು ಧನ್ಯವಾದ. ಸಂಜೆ ಆರರ ಹೊತ್ತಿಗೆ ಹೋಗಿ ನೋಡಿದರೆ ಚಪ್ಪರವೆಲ್ಲ ಹಳದಿ ಹೂ! ನಮ್ಮ ಅತ್ತೆಯವರು ಟಾರ್ಚ್ ಹಿಡಿಯುತ್ತಾರೆ, ನಾನು ಪರಾಗ ಮುಟ್ಟಿಸುತ್ತೇನೆ. ಮೊದಲ ವಾರ ಮುಟ್ಟಿಸಿದವುಗಳಲ್ಲಿ ಹೆಚ್ಚಿನವು ನಿಂತಿವೆ, ತೊಟ್ಟು ದಪ್ಪವಾಗಿ ಕಾಯಿ ಕೆಳಮುಖವಾಗಿ ಉದ್ದವಾಗುತ್ತಿದೆ. ಸೋರೆಯ ಚೀಲದ ತಳ ಕತ್ತರಿಸಿ, ಚೀಲಸಹಿತ ದೊಡ್ಡ ಡ್ರಮ್ಮಿಗೆ ಇಳಿಸಿ ಸುತ್ತಲೂ ಮಣ್ಣು ತುಂಬಿದೆ. ಕ್ಯೂ ಲ್ಯೂರ್ ತಂದು ಕಟ್ಟಿದ್ದೇನೆ. ಕೊತ್ತಂಬರಿಯನ್ನು ಚಪ್ಪರದಡಿ ಬಿತ್ತಿದೆ, ಜೊತೆಗೆ ಬಸಳೆ ಕಡ್ಡಿಯನ್ನೂ ಊರಿದೆ.

ಒಂದೇ ಪ್ರಶ್ನೆ ಉಳಿದಿದೆ. ಮೊದಲು ಕಚ್ಚಿದ ಹೀರೆಕಾಯಿ ಬಹಳ ಚೆನ್ನಾಗಿ ಬರುತ್ತಿದೆ. ಅದನ್ನೇ ಬೀಜಕ್ಕೆ ಬಿಡಲೇ?

ಹಿತ್ತಲ ಬಳ್ಳಿ (ತುಮಕೂರು)

ಕೇಳಿ ಬಹಳ ಸಂತೋಷವಾಯಿತು. ಮೊದಲ ಕಾಯಿಯನ್ನು ಬೀಜಕ್ಕೆ ಬಿಡಬೇಡಿ. ಒಂದು ಕಾಯಿ ಬಲಿಯತೊಡಗಿದರೆ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿಯುತ್ತದೆ, ಹೊಸ ಹೀಚುಗಳನ್ನು ತಾನೇ ಕೈಬಿಡುತ್ತದೆ. ಉಗುರು ಸುಲಭವಾಗಿ ಊರುವಷ್ಟು ಎಳೆಯದಿರುವಾಗಲೇ ಕೊಯ್ಯುತ್ತಾ ಹೋಗಿ. ಬೀಜದ ಪೊಟ್ಟಣದ ಮೇಲೆ ಹೈಬ್ರಿಡ್ ಎಂದಿದ್ದರೆ ಬೀಜ ಉಳಿಸಿ ಪ್ರಯೋಜನವಿಲ್ಲ, ಮುಂದಿನ ಬಳ್ಳಿ ಹೀಗೆಯೇ ಬರುವ ಭರವಸೆ ಇರುವುದಿಲ್ಲ. ‘ಅರ್ಕಾ ಸುಮಿತ್’ನಂಥ ಹೈಬ್ರಿಡ್ ಅಲ್ಲದ ತಳಿಯಾದರೆ, ಫಸಲು ಇಳಿಮುಖವಾದ ಮೇಲೆ ನೀವೇ ಪರಾಗ ಮುಟ್ಟಿಸಿದ ಒಂದು ನೇರವಾದ ಕಾಯಿಗೆ ದಾರ ಕಟ್ಟಿ ಗುರುತಿಟ್ಟುಕೊಳ್ಳಿ. ಬಳ್ಳಿಯಲ್ಲೇ ಪೂರ್ತಿ ಒಣಗಿ, ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಿದಾಗ ಕೊಯ್ಯಿರಿ.