ರಿಕಾಯಿಲ್‌ಗೆ ‘ಒದೆ’ ಅಂದರೆ ಸಾಕಾ?

ಗೆಳೆಯರೇ,

ಅಣ್ಣನ ಮಗಳು ಪಿಸ್ತೂಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಹೊಸದಾಗಿ ಸೇರಿದ ಮಕ್ಕಳಿಗೆ 25 ಮೀಟರ್ ರ‍್ಯಾಪಿಡ್ ಫೈರ್ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ ಚಿಕ್ಕಪ್ಪ ಅಂದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದರಲ್ಲ, ಅದೇ ಸ್ಪರ್ಧೆ. ಸಲೀಸು ಅಂದುಕೊಂಡು ಕೂತೆ. ಮೂರನೇ ಸಾಲಿಗೇ ‘ರಿಕಾಯಿಲ್ ಕಂಟ್ರೋಲ್’ ಅಡ್ಡ ಬಂತು. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಬರುತ್ತದಲ್ಲ, ಅದೇ ರಿಕಾಯಿಲ್. ಕನ್ನಡದಲ್ಲಿ ಏನನ್ನೋಣ?

ಶಾಲೆಯ ವಿಜ್ಞಾನದಲ್ಲಿ ಇದು ‘ಹಿಮ್ಮೆಟ್ಟುವಿಕೆ’. 2 ಕೆಜಿ ಪಿಸ್ತೂಲು, 20 ಗ್ರಾಂ ಗುಂಡು, ಸೆಕೆಂಡಿಗೆ 150 ಮೀಟರ್ ವೇಗ, ಪಿಸ್ತೂಲು ಎಷ್ಟು ವೇಗದಲ್ಲಿ ಹಿಂದೆ ಬರುತ್ತದೆ ಅನ್ನೋ ಲೆಕ್ಕ ನೆನಪಿರಬಹುದು. ಉತ್ತರ ಸೆಕೆಂಡಿಗೆ 1.5 ಮೀಟರ್. ಲೆಕ್ಕಕ್ಕೆ ಆ ಪದ ಸರಿ. ಆದರೆ ‘ಹಿಮ್ಮೆಟ್ಟಿತು’ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಸೋತ ಸೈನ್ಯ. ಅದರೊಳಗೆ ‘ಮೆಟ್ಟು’ ಇದೆ, ಹೆಜ್ಜೆ ಇದೆ.

ಕೊಡಗಿನ ಸ್ನೇಹಿತರೊಬ್ಬರನ್ನು ಕೇಳಿದೆ. ಮನೆಮನೆಯಲ್ಲೂ ಕೋವಿ ಇರುವ ಊರು, ಅಲ್ವಾ. “ಒದೆಯುತ್ತದೆ ಅಂತೀವಿ, ಇನ್ನೇನು?” ಅಂದರು. ಇದರಲ್ಲೂ ಕಾಲಿದೆ, ನಿಜ. ಆದರೂ ಭುಜಕ್ಕೆ ಒತ್ತಿ ಹಿಡಿದ ತೋಟಾ ಕೋವಿಗೆ ಇದಕ್ಕಿಂತ ಒಳ್ಳೆ ಪದ ಬೇಡ.

ತೊಂದರೆ ಇರುವುದು ಈ ಪುಟಾಣಿ ಪಿಸ್ತೂಲಿನಲ್ಲಿ. ಗುಂಡು 5.6 ಮಿಮೀ ದಪ್ಪ, ತೂಕ ಸುಮಾರು 2.6 ಗ್ರಾಂ. ಪಿಸ್ತೂಲು ಒಂದು ಕೆಜಿಗಿಂತ ಜಾಸ್ತಿ. “ಒದೆಯೋದೇನೂ ಇಲ್ಲ ಚಿಕ್ಕಪ್ಪ, ಮೂತಿ ಮೇಲಕ್ಕೆ ಎಗರತ್ತೆ ಅಷ್ಟೇ” ಅಂದಳು ಹುಡುಗಿ. ನಳಿಗೆ ಇರುವುದು ಹಿಡಿತಕ್ಕಿಂತ ಮೇಲೆ. ಹಿಂದಕ್ಕೆ ಬಂದ ತಳ್ಳು ಮಣಿಕಟ್ಟಿನ ಹತ್ತಿರ ತಿರುಗಿ ಮೂತಿಯನ್ನು ಎತ್ತುತ್ತದೆ. ಹಾಗಾಗಿ ಎರಡು ಪದ ಬೇಕು: ಹಿಂದಕ್ಕೆ ಬರುವ ತಳ್ಳಿಗೆ ಒಂದು, ಮೂತಿ ಏಳುವುದಕ್ಕೆ ಇನ್ನೊಂದು. ಮೊದಲನೆಯದಕ್ಕೆ ‘ಒದೆ’ ಇಟ್ಟುಕೊಂಡೆ. ಎರಡನೆಯದಕ್ಕೆ ‘ಎಗರಾಟ’ ಅಂತ ಬರೆದು ಹೊಡೆದು ಹಾಕಿದೆ, ಯಾರೋ ಜಗಳಕ್ಕೆ ನಿಂತ ಹಾಗೆ ಕೇಳಿಸಿತು. ‘ಪುಟಿತ’ ಅಂದರೆ ಚೆಂಡು. ಸದ್ಯಕ್ಕೆ ‘ಮೂತಿ ಎಗರು’ ಅಂತಿದೆ.

ಇನ್ನು ‘ಕಂಟ್ರೋಲ್’. ‘ನಿಯಂತ್ರಣ’ ಅಂತ ಬರೆದರೆ ಮಕ್ಕಳು ಮುಷ್ಟಿ ಬಿಗಿದು ಎಗರದಂತೆ ತಡೆಯಲು ಹೋಗುತ್ತಾರೆ. ತಪ್ಪು ಅದೇ. ಗುಂಡಿಗೊಂದು ಥರ ಬಿಗಿದರೆ ಮೂತಿಯೂ ಗುಂಡಿಗೊಂದು ದಿಕ್ಕಿಗೆ ಹೋಗುತ್ತದೆ. ಸಾಲಾಗಿ ಐದು ಗುರಿಹಲಗೆ, ಒಂದೊಂದಕ್ಕೆ ಒಂದೊಂದು ಗುಂಡು, ಒಂದೇ ಕೈ. ಐದಕ್ಕೂ ಸೇರಿ ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ಅದರಲ್ಲೇ ಕೆಳಗಿಳಿಸಿದ ಕೈಯನ್ನು ಎತ್ತಲೂ ಬೇಕು. ಎಗರಿದ್ದನ್ನು ತಡೆಯುತ್ತಾ ಕೂರಲು ಪುರುಸೊತ್ತೆಲ್ಲಿ? ಮಣಿಕಟ್ಟು, ಮೊಣಕೈ ಒಂದೇ ಸಮ ಬಿಗಿಯಾಗಿರಬೇಕು. ಮೂತಿ ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ ಎದ್ದು ಇಳಿಯಬೇಕು. ಅದು ಇಳಿಯುವ ಹೊತ್ತಿಗೆ ಮೈ ಪಕ್ಕದ ಹಲಗೆಗೆ ತಿರುಗಿರಬೇಕು.

ಇದಕ್ಕೆ ನನಗೆ ಹೊಳೆದದ್ದು ‘ಸುಧಾರಿಸಿಕೊಳ್ಳುವುದು’. ಎಡವಿದವನು, ಜ್ವರದಿಂದ ಎದ್ದವನು ಸುಧಾರಿಸಿಕೊಳ್ಳುತ್ತಾನಲ್ಲ, ಹಾಗೆ. ‘ಎಗರನ್ನು ಸುಧಾರಿಸಿಕೊಂಡು ಮುಂದಿನ ಗುರಿ ಹಿಡಿ’ ಅಂತ ಓದಿ ಹೇಳಿದೆ. ಅವಳಿಗೆ ಅರ್ಥವಾಯಿತು, ಆದರೆ “ಸ್ವಲ್ಪ ನಿಧಾನ ಅನ್ಸತ್ತೆ” ಅಂದಳು. ಅದೂ ಸರಿಯೇ, ಸುಧಾರಿಸಿಕೊಳ್ಳುವವರು ಯಾರೂ ಮುಕ್ಕಾಲು ಸೆಕೆಂಡಿನಲ್ಲಿ ಏಳುವುದಿಲ್ಲ.

ನನ್ನ ಪ್ರಶ್ನೆ ಎರಡು. ‘ಎಗರು’ ನಿಮ್ಮ ಕಡೆ ನಾಮಪದವಾಗಿ ಬಳಕೆಯಲ್ಲಿದೆಯಾ? ಬೇಗ ಮೊದಲಿನ ಜಾಗಕ್ಕೆ ಬಂದು ನಿಲ್ಲುವುದಕ್ಕೆ, ಗರಡಿಯಲ್ಲೋ ಕಬಡ್ಡಿಯಲ್ಲೋ ಲಗೋರಿಯಲ್ಲೋ ಚುರುಕಾದ ಪದ ಏನಾದರೂ ಕೇಳಿದ್ದೀರಾ?